ಜೋಳದ ಸೀಮೆಯಲ್ಲಿ ಗೋದಿಯ ಪ್ರಸಾದ

ಬಿಳಿಜೋಳದ ರೊಟ್ಟಿಯೇ ನಿತ್ಯದ ಆಹಾರವಾಗಿರುವ ಸಿಂದಗಿಯಲ್ಲಿ, ಯೇಸುಸಭೆಯ ಗುರುಗಳು ಶಾಲೆಯನ್ನೂ ‘ಸಂಗಮ’ವೆಂಬ ಗ್ರಾಮಾಭಿವೃದ್ಧಿ ಸಂಸ್ಥೆಯನ್ನೂ ನಡೆಸುತ್ತಿರುವ ಈ ಊರಿನಲ್ಲಿ, ಕಥೋಲಿಕರ ಬಲಿಪೂಜೆಗೆ ಮಾತ್ರ ಜೋಳ ಸಲ್ಲದು, ಹುಳಿ ಸೇರದ, ಗೋದಿಹಿಟ್ಟು ನೀರುಗಳೆರಡರಿಂದಲೇ ಆದ ತೆಳುವಾದ ರೊಟ್ಟಿಯೂ ಶುದ್ಧ ದ್ರಾಕ್ಷಾರಸವೂ ಆಗಬೇಕೆಂಬುದು ಅವರ ಧರ್ಮಸಭೆಯ ಕಟ್ಟಳೆ. ದ್ರಾಕ್ಷಿಗೆ ವಿಜಯಪುರ ಜಿಲ್ಲೆಯಲ್ಲಿ ಕೊರತೆಯಿಲ್ಲವೆಂಬುದು ಬೇರೆ ಮಾತು.

ಶಿಲುಬೆಗೇರುವ ಹಿಂದಿನ ರಾತ್ರಿ ಶಿಷ್ಯರೊಡನೆ ಉಂಡ ಕಡೆಯ ಭೋಜನದಲ್ಲಿ ಯೇಸುಸ್ವಾಮಿ ರೊಟ್ಟಿಯನ್ನು ತನ್ನ ಶರೀರವೆಂದೂ ಪಾತ್ರೆಯ ರಸವನ್ನು ತನ್ನ ರಕ್ತವೆಂದೂ ಹೇಳಿ ಹಂಚಿದ ವೃತ್ತಾಂತವನ್ನು ಕಥೋಲಿಕರು ಕೇವಲ ಸ್ಮರಣೆಯ ವಿಷಯವೆಂದು ಬಗೆಯರು. ಯಾಜಕನು ಆ ಮಾತುಗಳನ್ನು ಉಚ್ಚರಿಸಿದೊಡನೆ ಬಣ್ಣ, ರುಚಿ, ಆಕಾರಗಳು ಇದ್ದಂತೆಯೇ ಇದ್ದು, ವಸ್ತುವಿನ ಸತ್ತ್ವವೇ ಮಾರ್ಪಟ್ಟು, ಅಲ್ಲಿ ಕ್ರಿಸ್ತನೇ ಸನ್ನಿಹಿತನಾಗುವನೆಂಬುದು ಅವರ ದೃಢವಾದ ನಂಬಿಕೆ. ಬಸವಣ್ಣನವರ ಬಾಗೇವಾಡಿಯ ನೆರೆಯಲ್ಲಿ ಬಾಳುವ ಜನಕ್ಕೆ ಪ್ರಸಾದತತ್ತ್ವ ಅಪರಿಚಿತವಲ್ಲ, ಲಿಂಗಾಯತರ ಅಷ್ಟಾವರಣಗಳಲ್ಲಿ ಅದೂ ಒಂದು. ಆದರೆ ಅಲ್ಲಿ ದೇವರಿಗೆ ಅರ್ಪಿತವಾದುದು ಭಕ್ತನಿಗೆ ಮರಳಿ ಬರುವುದಾದರೆ, ಇಲ್ಲಿ ಅರ್ಪಿತನಾದವನೂ ಪ್ರಸಾದವೂ ಒಬ್ಬನೇ. ಈ ಅಂತರವನ್ನು ಮರೆತು ಎಲ್ಲವೂ ಒಂದೇ ಎಂದುಬಿಡುವುದರಿಂದ ಎರಡು ಪರಂಪರೆಗಳಿಗೂ ಗೌರವ ಸಲ್ಲದು.

ಪರಮಪ್ರಸಾದವೆಂದು ಕರೆಯುವ ಈ ರೊಟ್ಟಿಯಲ್ಲಿ ಪೂಜೆಯ ಬಳಿಕ ಉಳಿದುದನ್ನು ಮಂಜೂಷವೆಂಬ ಪೆಟ್ಟಿಗೆಯಲ್ಲಿ ಕಾಯ್ದಿರಿಸುವ ರೂಢಿ ಮೊದಲು ಹುಟ್ಟಿದ್ದು ರೋಗಿಗಳಿಗೂ ಮರಣಾಸನ್ನರಿಗೂ ಒಯ್ದು ಕೊಡುವುದಕ್ಕಾಗಿ. ಅದರ ಮುಂದೆ ಮೊಣಕಾಲೂರಿ ಮೌನವಾಗಿರುವ ಆರಾಧನೆ ಯೂರೋಪಿನ ಮಧ್ಯಯುಗದಲ್ಲಿ ಪುಷ್ಟವಾಯಿತು. ಲಿಯೇಜಿನ ಸನ್ಯಾಸಿನಿ ಜೂಲಿಯಾನಳ ಒತ್ತಾಸೆಯಿಂದ ಅಲ್ಲಿ ಆರಂಭವಾದ ಪರಮಪ್ರಸಾದದ ಹಬ್ಬವನ್ನು 4ನೆಯ ಅರ್ಬನ್ ಪೋಪರು 1264ರಲ್ಲಿ ಸಮಸ್ತ ಧರ್ಮಸಭೆಗೆ ವಿಧಿಸಿದರು. ವಿಚಿತ್ರವೆಂದರೆ, ನೋಡಿ ನಮಿಸಲು ತವಕಿಸುತ್ತಿದ್ದ ಜನವೇ ಸ್ವೀಕರಿಸಲು ಹಿಂಜರಿಯುತ್ತಿದ್ದರು. ವರ್ಷಕ್ಕೊಮ್ಮೆಯಾದರೂ ಸ್ವೀಕರಿಸಿರೆಂದು 1215ರ ಲ್ಯಾಟರನ್ ಮಹಾಸಭೆ ಆಜ್ಞಾಪಿಸಬೇಕಾಗಿತ್ತು. ಅನುದಿನವೂ ಸ್ವೀಕರಿಸಬಹುದೆಂಬ ಧೈರ್ಯವನ್ನು 1905ರಲ್ಲಿ ತುಂಬಿದವರು 10ನೆಯ ಪಯಸ್ ಪೋಪರು. 1910ರಲ್ಲಿ ಅವರೇ ಏಳು ವರ್ಷದ ಆಸುಪಾಸಿನ ಮಕ್ಕಳಿಗೂ ಆ ಪಂಕ್ತಿಯಲ್ಲಿ ಎಡೆ ಕಲ್ಪಿಸಿದರು.

ನಮ್ಮ ಕಡೆಗೂ ಈ ಭಕ್ತಿ ನಿನ್ನೆ ಮೊನ್ನೆ ಬಂದುದಲ್ಲ. ಮುದ್ದೇಬಿಹಾಳದಿಂದ ಕೃಷ್ಣೆಯನ್ನು ದಾಟಿ ಹೋದರೆ ಸಿಗುವ ಮುದಗಲ್ಲಿನ ಕಥೋಲಿಕ ಸಮುದಾಯ ಆದಿಲಶಾಹಿಗಳ ಕಾಲದ್ದು. ಲ್ಯಾಟಿನ್ನಿನಲ್ಲಿಯೇ ನಡೆದುಬಂದಿದ್ದ ಪೂಜೆ, 2ನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೇಶಭಾಷೆಗಳಿಗೆ ಅವಕಾಶವಿತ್ತ ಬಳಿಕ ಕನ್ನಡದಲ್ಲಿ ಕೇಳಿಬರತೊಡಗಿತು.

ಈ ಭಕ್ತಿಯ ತಿರುಳು ನನಗೆ ಸ್ಪಷ್ಟವಾಗಿ ಕಾಣುವುದು ಪವಿತ್ರ ಗುರುವಾರದ ಸಂಜೆಯ ವಿಧಿಯಲ್ಲಿ. ಕಡೆಯ ಭೋಜನವನ್ನೇ ಸ್ಮರಿಸುವ ಆ ಪೂಜೆಗೆಂದು ಯೊವಾನ್ನನ ಶುಭಸಂದೇಶದಿಂದ ಆಯ್ದ ಭಾಗದಲ್ಲಿ ರೊಟ್ಟಿ ದ್ರಾಕ್ಷಾರಸಗಳ ವೃತ್ತಾಂತವಿಲ್ಲ. ಗುರುವು ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದ ಕಥೆಯಿದೆ. ಯಾಜಕರು ಮೊದಲು ಭಕ್ತರ ಪಾದಗಳನ್ನು ತೊಳೆದು ಒರೆಸಿ, ಅನಂತರವೇ ರೊಟ್ಟಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಪರಮಪ್ರಸಾದದ ಮೆರವಣಿಗೆ, ನಡುರಾತ್ರಿಯವರೆಗಿನ ಆರಾಧನೆ ಎಲ್ಲವೂ ಆಮೇಲಿನವು. ನಿಯಮದಂತೆ ಪುರುಷರಿಗಷ್ಟೇ ಸಲ್ಲುತ್ತಿದ್ದ ಈ ಪಾದಕ್ಷಾಳನಕ್ಕೆ 2016ರಲ್ಲಿ ಪೋಪ್ ಫ್ರಾನ್ಸಿಸರು ಸ್ತ್ರೀಯರನ್ನೂ ಸೇರಿಸಿದರು.