ಗಾಲಿ ಮೇಲಿನ ಮನೆ: ಕನಸಿಗೂ ಒಂದು ತೂಕವಿದೆ

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಧಾರವಾಡ, ಬೆಳಗಾವಿ ಸೀಮೆಯ ರೈತರು ಚಕ್ಕಡಿ ಹೂಡಿಕೊಂಡು ಉಳವಿಯ ಹಾದಿ ಹಿಡಿಯುತ್ತಾರೆ. ಉತ್ತರ ಕನ್ನಡದ ಜೊಯಿಡಾ ತಾಲ್ಲೂಕಿನ ಕಾಡಿನೊಳಗಿರುವ ಚನ್ನಬಸವಣ್ಣನವರ ಕ್ಷೇತ್ರ ಅದು. ಗಾಡಿಗೆ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ರೊಟ್ಟಿಯ ಗಂಟು, ಚಟ್ನಿ ಪುಡಿ, ನೀರಿನ ಕೊಡ, ಎತ್ತುಗಳಿಗೆ ಮೇವು ಇವಿಷ್ಟನ್ನೂ ಹೇರಿಕೊಂಡರೆ ಮುಗಿಯಿತು. ಕತ್ತಲಾದಲ್ಲಿ ಬಿಡಾರ, ಬೆಳಗಾದರೆ ಪಯಣ. ಇಂದು ‘ಕ್ಯಾಂಪರ್ ವ್ಯಾನ್’ ಎಂದು ಕರೆಯುವ ವಾಹನದ ಮೂಲ ತತ್ವವೂ ಇದೇ ಅಲ್ಲವೇ? ಮಲಗುವ ಜಾಗ, ಅಡುಗೆಯ ಜಾಗ, ನೀರು, ನೆರಳು ಎಲ್ಲವೂ ಗಾಲಿಯ ಮೇಲೆ!

ಯುರೋಪಿನಲ್ಲಿ ಈ ಕಲ್ಪನೆ ಜನಪ್ರಿಯವಾದದ್ದು ಫೋಕ್ಸ್‌ವ್ಯಾಗನ್ ವ್ಯಾನಿನಿಂದ. ಹಾಲೆಂಡಿನ ಕಾರು ವ್ಯಾಪಾರಿ ಬೆನ್ ಪಾನ್ 1947ರಲ್ಲಿ ಒಂದು ಹಾಳೆಯ ಮೇಲೆ ಪೆಟ್ಟಿಗೆಯಾಕಾರದ ಗಾಡಿಯ ಚಿತ್ರ ಗೀಚಿದ. 1950ರಲ್ಲಿ ಅದು ಕಾರ್ಖಾನೆಯಿಂದ ಹೊರಬಂತು. ಮರುವರ್ಷವೇ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಮಂಚ, ಕಪಾಟು ಕೂರಿಸಿಕೊಟ್ಟಿತು. ಮುಂದೆ 1960-70ರ ದಶಕಗಳಲ್ಲಿ ಇಂಥ ವ್ಯಾನುಗಳಲ್ಲಿಯೇ ಅನೇಕ ಯುರೋಪಿಯನ್ ಯುವಕರು ಟರ್ಕಿ, ಇರಾನ್ ದಾಟಿ ಭಾರತಕ್ಕೆ ಬಂದರು.

ಈಗ ಮೊಬೈಲ್ ಪರದೆಯ ಮೇಲೆ ಇಂಥ ವಾಹನಗಳ ಚಿತ್ರಗಳು ದಂಡಿಯಾಗಿ ಓಡುತ್ತಿರುತ್ತವೆ. ಹಳೆಯ ಸರಕು ವ್ಯಾನ್ ಕೊಂಡು, ಎರಡು ತಿಂಗಳಲ್ಲಿ ಮನೆ ಮಾಡಿ, ಬೆಟ್ಟ ಹತ್ತಿಸುವ ಕನಸು ಕಾಲೇಜು ಹುಡುಗರಿಗೆ ಸಹಜವಾಗಿಯೇ ಹುಟ್ಟುತ್ತದೆ. ಒಮ್ಮೆ ಪ್ರತ್ಯೇಕ ಹಳ್ಳಿಯಾಗಿದ್ದು ಈಗ ದಾವಣಗೆರೆ ನಗರದೊಳಗೇ ಸೇರಿಹೋಗಿರುವ ಶಾಮನೂರಿನಂಥ ಕಡೆ ಈ ಕನಸಿಗೆ ಬೇಕಾದ ಕೈಗಳೂ ಇವೆ. ಪಿ.ಬಿ. ರಸ್ತೆಯುದ್ದಕ್ಕೂ ಲಾರಿಗಳನ್ನೇ ನಂಬಿದ ಗ್ಯಾರೇಜು, ವೆಲ್ಡಿಂಗ್, ಟಿಂಕರಿಂಗ್ ಕೆಲಸದವರು. ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳ ಕಾಲದಿಂದ ಬಂದ ಕುಶಲತೆಯ ಪರಂಪರೆ. ಆ ಕಾರ್ಖಾನೆ ಬಾಗಿಲು ಹಾಕಿ ವರ್ಷಗಳೇ ಕಳೆದರೂ ಅಲ್ಲಿ ಕಲಿತ ಕೆಲಸ ಊರು ಬಿಟ್ಟಿಲ್ಲ.

ಆದರೆ ಕೈಗೆ ಸುತ್ತಿಗೆ ಬರುವ ಮೊದಲು ಕಾಗದ, ಪೆನ್ಸಿಲ್ ಬರಬೇಕು. ಹೈಸ್ಕೂಲಿನ ಭೌತಶಾಸ್ತ್ರವೇ ಇಲ್ಲಿ ಮೊದಲ ಮೇಸ್ತ್ರಿ.

ತೂಕದ ಲೆಕ್ಕ

ಒಂದು ಟನ್, ಅಂದರೆ 1,000 ಕಿಲೋ ಹೊರಬಲ್ಲ ಹಳೆಯ ವ್ಯಾನ್ ಸಿಕ್ಕಿತೆಂದು ಇಟ್ಟುಕೊಳ್ಳಿ. ‘ಅಷ್ಟೊಂದು ಸಾಮರ್ಥ್ಯಕ್ಕೆ ನಾಲ್ಕು ಜನರ ಸಂಸಾರ ಯಾವ ಲೆಕ್ಕ?’ ಎನ್ನಿಸುವುದು ಸಹಜ. ಕೂಡಿಸಿ ನೋಡಿ. 8 ಅಡಿ ಉದ್ದ, 4 ಅಡಿ ಅಗಲ, 18 ಮಿಲಿಮೀಟರ್ ದಪ್ಪದ ಒಂದು ಪ್ಲೈವುಡ್ ಹಾಳೆ ಸುಮಾರು 35 ಕಿಲೋ ತೂಗುತ್ತದೆ. ನೆಲ, ಗೋಡೆ, ಕಪಾಟುಗಳಿಗೆ ಎಂಟು ಹಾಳೆ ಎಂದರೆ 280 ಕಿಲೋ. ಮಂಚದ ಕಬ್ಬಿಣದ ಚೌಕಟ್ಟು 80. ಹಾಸಿಗೆ, ದಿಂಬು 60. ನೂರು ಲೀಟರ್ ನೀರು 100. ಬ್ಯಾಟರಿ 55. ಪುಟ್ಟ ಫ್ರಿಜ್ 25. ತುಂಬಿದ ಗ್ಯಾಸ್ ಸಿಲಿಂಡರ್ 30. ಹೆಚ್ಚುವರಿ ಚಕ್ರ, ಜಾಕಿ, ಹತಾರುಗಳು 70. ಚಾಲಕನೂ ಸೇರಿ ನಾಲ್ವರು 260. ಬಟ್ಟೆಬರೆ 60. ಒಟ್ಟು 1,020 ಕಿಲೋ! ಇನ್ನೂ ಒಂದು ಸೇರು ಅಕ್ಕಿ ಹಾಕಿಲ್ಲ, ಮಿತಿ ಆಗಲೇ ದಾಟಿತು.

ಹೊರೆ ಮೀರಿದ ವಾಹನಕ್ಕೆ ಮೊದಲು ಕೈಕೊಡುವುದು ಬ್ರೇಕು. ವೇಗ ಅಷ್ಟೇ ಇದ್ದರೂ ದ್ರವ್ಯರಾಶಿ ಹೆಚ್ಚಿದಂತೆ ಚಲನ ಶಕ್ತಿ ಹೆಚ್ಚುತ್ತದೆ. ಘಾಟಿ ಇಳಿಯುವಾಗ ಆ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗಲೇಬೇಕು. ಆದ್ದರಿಂದ ಬಲ್ಲವರು 18 ಮಿಲಿಮೀಟರ್ ಬದಲು 12 ಮಿಲಿಮೀಟರ್ ಪ್ಲೈವುಡ್ ಬಳಸುತ್ತಾರೆ. ಅಷ್ಟರಿಂದಲೇ ಸುಮಾರು 95 ಕಿಲೋ ಉಳಿಯುತ್ತದೆ. ಮನೆಯ ಬಡಗಿ ಗಟ್ಟಿಯಾಗಲೆಂದು ದಪ್ಪ ಮರ ಹುಡುಕುತ್ತಾನೆ. ಗಾಡಿಯ ಬಡಗಿ ಹಗುರವಾಗಲೆಂದು ತೆಳು ಹಾಳೆ ಹುಡುಕಬೇಕು.

ಗುರುತ್ವ ಕೇಂದ್ರ ಎಲ್ಲಿದೆ?

ತೂಕ ಎಷ್ಟು ಎಂಬುದರಷ್ಟೇ ಮುಖ್ಯ, ತೂಕ ಎಲ್ಲಿದೆ ಎಂಬುದು. ಎಡ-ಬಲ ಚಕ್ರಗಳ ನಡುವಿನ ಅಂತರ 1.5 ಮೀಟರ್, ಗುರುತ್ವ ಕೇಂದ್ರದ ಎತ್ತರ 0.75 ಮೀಟರ್ ಇರುವ ವ್ಯಾನ್, ಲೆಕ್ಕದ ಪ್ರಕಾರ 45 ಡಿಗ್ರಿ ವಾಲಿದರೆ ಉರುಳುತ್ತದೆ. 2,000 ಕಿಲೋ ತೂಕದ ಆ ವ್ಯಾನಿನ ನೆತ್ತಿಯ ಮೇಲೆ, ನೆಲದಿಂದ 2.2 ಮೀಟರ್ ಎತ್ತರದಲ್ಲಿ, 150 ಕಿಲೋ ಸಾಮಾನು ಕಟ್ಟಿದರೆ ಕೇಂದ್ರ 10 ಸೆಂಟಿಮೀಟರ್ ಮೇಲೇರುತ್ತದೆ. ಉರುಳುವ ಕೋನ 41 ಡಿಗ್ರಿಗೆ ಇಳಿಯುತ್ತದೆ. ಕಲ್ಲು ತಾಗದಿರಲೆಂದು ಇಡೀ ಬಾಡಿಯನ್ನು ಇನ್ನೂ 10 ಸೆಂಟಿಮೀಟರ್ ಎತ್ತರಿಸಿದರೆ ಅದು 38 ಡಿಗ್ರಿ! ಇದೂ ಕಾಗದದ ಲೆಕ್ಕ. ಸ್ಪ್ರಿಂಗು ಕುಸಿದು, ಟೈರು ಚಪ್ಪಟೆಯಾಗಿ, ತಿರುವಿನಲ್ಲಿ ಹೊರಕ್ಕೆ ಎಳೆದಂತಾದಾಗ ನಿಜವಾದ ಗಾಡಿ ಇದಕ್ಕಿಂತ ಎಷ್ಟೋ ಮೊದಲೇ ಉರುಳುತ್ತದೆ.

ಹೀಗಾಗಿ ನೀರಿನ ಟ್ಯಾಂಕು, ಬ್ಯಾಟರಿ ನೆಲಕ್ಕೆ ಹತ್ತಿರ, ಎರಡು ಅಚ್ಚುಗಳ ನಡುವೆ ಇರಬೇಕು. ಟ್ಯಾಂಕಿನೊಳಗೆ ಅಡ್ಡತಡಿಕೆಗಳೂ ಬೇಕು. ಇಲ್ಲವಾದರೆ ಅರ್ಧ ತುಂಬಿದ ನೀರು ತಿರುವಿನಲ್ಲಿ ಒಂದೇ ಪಕ್ಕಕ್ಕೆ ನುಗ್ಗುತ್ತದೆ. ತಲೆಯ ಮೇಲೆ ಕೊಡ ಹೊತ್ತವರಿಗೆ ಈ ಪಾಠ ಹೊಸದೇನಲ್ಲ.

ಎರೆ ನೆಲದಲ್ಲಿ ಟೈರು

ಎಲ್ಲ ವ್ಯಾನುಗಳೂ ಕಾಡುಮೇಡು ಹತ್ತುವುದಿಲ್ಲ. ಸಾಮಾನ್ಯ ಸರಕು ವ್ಯಾನಿನಲ್ಲಿ ಎರಡು ಚಕ್ರಗಳಿಗೆ ಮಾತ್ರ ಎಂಜಿನ್ನಿನ ಬಲ ಸಿಗುತ್ತದೆ. ಮಳೆ ಬಿದ್ದ ಎರೆ ಹೊಲದ ದಾರಿ ದಾವಣಗೆರೆಯವರಿಗೆ ಗೊತ್ತು. ನೀರು ಕುಡಿದು ಉಬ್ಬಿದ ಜೇಡಿ ಟೈರಿನ ಹಲ್ಲುಗಳ ನಡುವೆ ಮೆತ್ತಿಕೊಂಡರೆ ಅದು ಗಾಲಿಯಲ್ಲ, ಮಣ್ಣಿನ ಉಂಡೆ. ಅಲ್ಲಿ ಒಂದು ಸರಳ ಉಪಾಯವಿದೆ. ಒಂದು ಚಕ್ರದ ಮೇಲೆ 500 ಕಿಲೋ ಭಾರವಿದ್ದು, ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 2.5 ಕಿಲೋ ಇದ್ದರೆ, ನೆಲಕ್ಕೆ ತಾಗುವ ಜಾಗ ಸುಮಾರು 200 ಚದರ ಸೆಂಟಿಮೀಟರ್. ಒತ್ತಡವನ್ನು 1.7ಕ್ಕೆ ಇಳಿಸಿದರೆ ಅದು ಸುಮಾರು 300 ಆಗುತ್ತದೆ. ಅಗಲ ಪಾದದ ಒಂಟೆ ಮರಳಿನಲ್ಲಿ ಹೂಳದಿರುವುದೂ ಇದೇ ಕಾರಣಕ್ಕೆ. ಆದರೆ ಡಾಂಬರಿಗೆ ಮರಳಿದ ಕೂಡಲೇ ಗಾಳಿ ತುಂಬಲೇಬೇಕು; ಮೆತ್ತಗಿನ ಟೈರು ವೇಗದಲ್ಲಿ ಕಾದು ಒಡೆಯುತ್ತದೆ.

ಬಿಸಿಲು, ಬೆವರು, ವಿದ್ಯುತ್ತು

ವ್ಯಾನ್ ಎಂದರೆ ತಗಡಿನ ಡಬ್ಬಿ. ಏಪ್ರಿಲ್ ಬಿಸಿಲಿಗೆ ಒಳಗೆ ಕೂರಲಾಗದು. ಉಕ್ಕು ಶಾಖವನ್ನು ಥರ್ಮಕೋಲಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಸಲೀಸಾಗಿ ಸಾಗಿಸುತ್ತದೆ. ಹಾಗೆಂದು ಥರ್ಮಕೋಲನ್ನೇ ಅಂಟಿಸುವುದು ಜಾಣತನವಲ್ಲ, ಅದು ಬೆಂಕಿಗೆ ಬೇಗ ತುತ್ತಾಗುತ್ತದೆ. ಬೆಂಕಿ ಹತ್ತದ ಕಲ್ಲುನಾರಿನ ಹೊದಿಕೆ ಮೇಲು. ನೆತ್ತಿಗೆ ಬಿಳಿ ಬಣ್ಣ ಬಳಿಯುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ತಾರಸಿಗೆ ಸುಣ್ಣ ಬಳಿಯುವ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಇನ್ನು ರಾತ್ರಿ ಮಲಗಿದ ಪ್ರತಿಯೊಬ್ಬರ ಉಸಿರು, ಬೆವರಿನಿಂದ ಒಂದು ಲೋಟದಷ್ಟು ನೀರು ಆವಿಯಾಗಿ ಹೊರಬೀಳುತ್ತದೆ. ಚಳಿಗಾಲದಲ್ಲಿ ಅದು ತಣ್ಣಗಿನ ತಗಡಿಗೆ ತಾಗಿ ಹನಿಗಟ್ಟಿ, ಕಾಣದ ಮೂಲೆಯಲ್ಲಿ ತುಕ್ಕು ಹಿಡಿಸುತ್ತದೆ. ಗಾಳಿಯಾಡಲು ಕಿಂಡಿ ಬೇಕೇ ಬೇಕು.

ವಿದ್ಯುತ್ತಿನ ಲೆಕ್ಕವೂ ಸುಲಭ. 12 ವೋಲ್ಟ್, 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 1,200 ವಾಟ್-ಗಂಟೆ ಶಕ್ತಿಯಿದೆ. ಬ್ಯಾಟರಿ ಬಾಳಬೇಕಾದರೆ ಅದರಲ್ಲಿ ಅರ್ಧ, ಅಂದರೆ 600 ಮಾತ್ರ ಬಳಸಬೇಕು. 15 ವಾಟಿನ ಫ್ಯಾನ್ ಎಂಟು ಗಂಟೆ ತಿರುಗಿದರೆ 120. ಐದು ವಾಟಿನ ಎರಡು ದೀಪ ನಾಲ್ಕು ಗಂಟೆ ಉರಿದರೆ 40. ಅದೇ 1,800 ವಾಟಿನ ಇಂಡಕ್ಷನ್ ಒಲೆ ಹಚ್ಚಿದರೆ? ಇಪ್ಪತ್ತೇ ನಿಮಿಷದಲ್ಲಿ ಅಷ್ಟೂ ಖಾಲಿ! ಅಷ್ಟೇ ಅಲ್ಲ, 12 ವೋಲ್ಟಿನಲ್ಲಿ ಅದು 150 ಆಂಪಿಯರ್ ಎಳೆಯುತ್ತದೆ. ತಂತಿ ತೆಳುವಾದರೆ ಕಾದು ಬೆಂಕಿ ಹೊತ್ತುತ್ತದೆ. ‘ಹನ್ನೆರಡೇ ವೋಲ್ಟು, ಶಾಕ್ ಹೊಡೆಯುವುದಿಲ್ಲ’ ಎಂಬ ಧೈರ್ಯ ಸಾಲದು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಎಂಜಿನ್ ಚಾಲೂ ಮಾಡುವ ಬ್ಯಾಟರಿಯೂ ಮನೆಯ ಬ್ಯಾಟರಿಯೂ ಬೇರೆ ಬೇರೆ ಇರಬೇಕು. ಇಲ್ಲವಾದರೆ ರಾತ್ರಿ ಫ್ಯಾನ್ ಹಾಕಿಕೊಂಡವರು ಬೆಳಿಗ್ಗೆ ಗಾಡಿ ತಳ್ಳಬೇಕಾದೀತು.

ವಾಸನೆಯಿಲ್ಲದ ಸಾವು

ತಾಯಿತಂದೆಯರು ಮನಸ್ಸಿಟ್ಟು ಓದಬೇಕಾದ ಭಾಗ ಇದು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿದ್ದೇ ಕಾರಣವೆಂದು ತಜ್ಞರ ತಪಾಸಣೆಯಲ್ಲಿ ತಿಳಿದುಬಂತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದಿರಬಹುದು.

ಅಡುಗೆ ಅನಿಲದ ಸ್ವಭಾವ ಬೇರೆ. ಅದು ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದಲ್ಲಿ ಕೆರೆಯಂತೆ ನಿಲ್ಲುತ್ತದೆ. ಆದ್ದರಿಂದ ಮೇಲೊಂದು ಕಿಂಡಿ, ನೆಲಮಟ್ಟದಲ್ಲಿ ಇನ್ನೊಂದು ಕಿಂಡಿ ಎರಡೂ ಬೇಕು. ನಿಯಮ ಚಿಕ್ಕದು: ಗಾಡಿಯೊಳಗೆ ಮಲಗಿದಾಗ ಎಂಜಿನ್, ಜನರೇಟರ್, ಒಲೆ, ಇದ್ದಿಲು ಯಾವುದೂ ಉರಿಯಬಾರದು. ಒಲೆ ಹೊರಗೇ ಇದ್ದರೆ ಇನ್ನೂ ಒಳ್ಳೆಯದು. ಉಳವಿಯ ಗಾಡಿಯವರೂ ಒಲೆ ಹೂಡುವುದು ಗಾಡಿಯ ಹೊರಗೇ.

ಕಾನೂನು ಏನನ್ನುತ್ತದೆ?

ಅನೇಕರು ಕಡೆಗೆ ಯೋಚಿಸುವ, ಆದರೆ ಮೊದಲೇ ಯೋಚಿಸಬೇಕಾದ ವಿಷಯ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್.ಸಿ.ಯಲ್ಲಿನ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಬಿಡಿಭಾಗ ಜೋಡಿಸಿ ಮಾರ್ಪಡಿಸಿದರೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಸರಕು ವಾಹನದ ಹಿಂಭಾಗದಲ್ಲಿ ಸಂಸಾರವನ್ನು ಕೂರಿಸಿಕೊಂಡು ಹೋಗುವುದಂತೂ ಕೂಡದು. ಅಪಘಾತವಾದರೆ ವಿಮೆಯ ಹಣ ಕೈತಪ್ಪುವ ಭಯವೂ ಇದೆ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಸರ್ಕಾರದ ವಾಹನ ವರ್ಗಗಳಲ್ಲಿ ‘ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್’ ಎಂಬುದೂ ಒಂದು. ಮೋಟಾರು ಕ್ಯಾರವಾನುಗಳಿಗೆಂದೇ ಎ.ಐ.ಎಸ್.-124 ಎಂಬ ಮಾನದಂಡವಿದೆ. ಕೆಲಸ ಶುರುಮಾಡುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಯಾವುದಕ್ಕೆ ಅನುಮತಿ ಬೇಕೆಂದು ಬರವಣಿಗೆಯಲ್ಲಿ ಪಡೆಯುವುದು ಕ್ಷೇಮ. ಇನ್ನೊಂದು ಸರಳ ದಾರಿ: ಖಾಸಗಿ ನೋಂದಣಿಯ ಪ್ರಯಾಣಿಕ ವ್ಯಾನನ್ನೇ ಕೊಂಡು, ಅದರ ಬಾಡಿಗೂ ಆಸನಗಳಿಗೂ ಕೈಹಚ್ಚದೆ, ಬೇಕೆಂದಾಗ ಒಳಗಿಟ್ಟು ಬೇಡವೆಂದಾಗ ಇಳಿಸಬಹುದಾದ ಮಡಿಸುವ ಮಂಚ, ಅಡುಗೆ ಪೆಟ್ಟಿಗೆ, ನೀರಿನ ಕ್ಯಾನ್ ಮಾಡಿಸಿಕೊಳ್ಳುವುದು. ಖರ್ಚು ಕಡಿಮೆ, ತೂಕವೂ ಕಡಿಮೆ.

ಹೋಗುವ ಜಾಗಕ್ಕೂ ನಿಯಮವಿದೆ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಬಿಡಾರ ಹೂಡುವಂತಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧವಿದೆ. ಕಾಡಿನ ಪ್ರಾಣಿಗಳಿಗೂ ರಾತ್ರಿ ಎಂಬುದೊಂದು ಬೇಡವೇ?

ಮೊದಲ ಹೆಜ್ಜೆ

ಮಗ ಅಥವಾ ಮಗಳು ‘ವ್ಯಾನ್ ಕೊಡಿಸಿ’ ಎಂದರೆ ತಂದೆ ಗದರಬೇಕಿಲ್ಲ, ಕೂಡಲೇ ಉಳಿತಾಯದ ಹಣ ತೆಗೆಯಲೂ ಬೇಕಿಲ್ಲ. ಅಂಗಳದಲ್ಲಿ ಸೀಮೆಸುಣ್ಣದಿಂದ 3 ಮೀಟರ್ ಉದ್ದ, 1.7 ಮೀಟರ್ ಅಗಲದ ಚೌಕ ಬರೆಯಿರಿ. ಅದರೊಳಗೆ ಮಂಚ, ಒಲೆ, ನೀರು ಎಲ್ಲಿ ಎಂದು ಮಕ್ಕಳೇ ಗುರುತಿಸಲಿ. ಒಂದು ರಾತ್ರಿ ಅಷ್ಟೇ ಜಾಗದಲ್ಲಿ ಮನೆಮಂದಿಯೆಲ್ಲ ಮಲಗಿ ನೋಡಲಿ. ಮರುದಿನ ಪ್ರತಿ ವಸ್ತುವಿನ ತೂಕ ಬರೆದು ಕೂಡಿಸಲಿ. ಇಷ್ಟಾದ ಮೇಲೂ ಹುಮ್ಮಸ್ಸು ಉಳಿದಿದ್ದರೆ ಹಳೆಯ ಗಾಡಿ ನೋಡಲು ಹೋಗಬಹುದು. ಕೊಳ್ಳುವ ಮೊದಲು ಅದರ ಅಡಿಗೆ ಇಣುಕಿ ಚಾಸಿಯ ತುಕ್ಕು ನೋಡಬೇಕು. ಕೆಲಸ ಮುಗಿದ ಮೇಲೆ ಮುಂದಿನ ಅಚ್ಚು, ಹಿಂದಿನ ಅಚ್ಚು ಎರಡನ್ನೂ ಬೇರೆ ಬೇರೆಯಾಗಿ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಬೇಕು. ಮೆಕ್ಕೆಜೋಳದ ಲಾರಿಗಳನ್ನು ತೂಗುವ ವೇಬ್ರಿಡ್ಜ್‌ಗಳಿಗೆ ದಾವಣಗೆರೆಯಲ್ಲಿ ಕೊರತೆಯಿಲ್ಲ. ಅಲ್ಲಿ ಸಿಗುವ ಚೀಟಿಯ ಅಂಕಿಗಳು ಮಿತಿಯೊಳಗಿದ್ದರೆ ಗಾಡಿ ಹೊರಡಲು ಸಿದ್ಧ. ಮೀರಿದ್ದರೆ, ಎಷ್ಟೇ ಚೆಂದ ಕಂಡರೂ, ಏನನ್ನಾದರೂ ಇಳಿಸಿಯೇ ಹೊರಡಬೇಕು.