ಬಣ್ಣವಿಲ್ಲದ ಫಿಲ್ಮಿನಲ್ಲಿ ಅರಳಿದ ಬಣ್ಣ

ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾರ್ಸನ್ಸ್ ಎಂಬ ಸಣ್ಣ ಊರಿಗೆ 2010ರ ಡಿಸೆಂಬರಿನಲ್ಲಿ ದೇಶವಿದೇಶಗಳಿಂದ ಫಿಲ್ಮ್ ರೋಲುಗಳು ಬಂದು ಬೀಳುತ್ತಿದ್ದವು. ಕೊಡಕ್ರೋಮ್ ಎಂಬ ಸ್ಲೈಡ್ ಫಿಲ್ಮನ್ನು ತೊಳೆಯುವ ಲ್ಯಾಬ್ ಜಗತ್ತಿನಲ್ಲಿ ಉಳಿದಿದ್ದದ್ದು ಅಲ್ಲಿನ ‘ಡ್ವೇನ್ಸ್ ಫೋಟೊ’ ಒಂದೇ. ಡಿಸೆಂಬರ್ 30ಕ್ಕೆ ಅದೂ ಹೊಸ ರೋಲುಗಳನ್ನು ಪಡೆಯುವುದನ್ನು ನಿಲ್ಲಿಸಿತು. 1935ರಲ್ಲಿ ಹುಟ್ಟಿದ್ದ ಬಣ್ಣದ ಫಿಲ್ಮೊಂದರ ಕಥೆ ಅಲ್ಲಿಗೆ ಮುಗಿಯಿತು.

ಛಾಯಾಗ್ರಾಹಕರು ಇಂದಿಗೂ ಅದಕ್ಕಾಗಿ ಹಂಬಲಿಸುತ್ತಾರೆ. ಆ ಹಂಬಲಕ್ಕೆ ಕಾರಣ ಅದರ ರಸಾಯನದಲ್ಲೇ ಇದೆ.

ಸ್ಲೈಡ್ ಫಿಲ್ಮಿನಲ್ಲಿ ನೆಗೆಟಿವ್ ಉಳಿಯುವುದಿಲ್ಲ. ಕ್ಯಾಮೆರಾದೊಳಗೆ ಬೆಳಕು ಕಂಡ ಫಿಲ್ಮೇ ತೊಳೆದ ಮೇಲೆ ಸಹಜ ಬಣ್ಣದ ಪಾರದರ್ಶಕ ಚಿತ್ರವಾಗುತ್ತದೆ. ಎಕ್ಟಾಕ್ರೋಮ್, ವೆಲ್ವಿಯಾದಂಥ ಫಿಲ್ಮುಗಳ ಪದರಗಳಲ್ಲಿ ಬಣ್ಣ ಹುಟ್ಟಿಸುವ ರಾಸಾಯನಿಕಗಳನ್ನು ಕಾರ್ಖಾನೆಯಲ್ಲೇ ಸೇರಿಸಿರುತ್ತಾರೆ. ಕೊಡಕ್ರೋಮಿನಲ್ಲಿ ಅವು ಇರಲೇ ಇಲ್ಲ. ಅದರ ಮೂರು ಪದರಗಳು ಕೆಂಪು, ಹಸಿರು, ನೀಲಿ ಬೆಳಕನ್ನು ಬೇರೆಬೇರೆಯಾಗಿ ಕಪ್ಪು–ಬಿಳುಪಿನಲ್ಲಿ ದಾಖಲಿಸುತ್ತಿದ್ದವು, ಅಷ್ಟೆ. ಬಿಳಿ ಬಟ್ಟೆ ನೇಯ್ದು ಆಮೇಲೆ ಬಣ್ಣದ ತೊಟ್ಟಿಗೆ ಅದ್ದಿದಂತೆ, ಬಣ್ಣ ಬರುತ್ತಿದ್ದದ್ದು ಲ್ಯಾಬಿನಲ್ಲಿ.

ಮೊದಲ ಡೆವಲಪರ್ ದ್ರಾವಣ ಮೂರೂ ಪದರಗಳಲ್ಲಿ ಬೆಳ್ಳಿಯ ನೆಗೆಟಿವ್ ಬಿಂಬ ಮೂಡಿಸುತ್ತದೆ. ಆಮೇಲೆ ಫಿಲ್ಮಿನ ಅಡಿಯಿಂದ ಕೆಂಪು ಬೆಳಕು ಹಾಯಿಸಿದರೆ ತಳದ ಪದರವಷ್ಟೇ ಎಚ್ಚೆತ್ತು, ಮುಂದಿನ ದ್ರಾವಣದಲ್ಲಿ ಸಯಾನ್ ಬಣ್ಣ ತಾಳುತ್ತದೆ. ಮೇಲಿನಿಂದ ನೀಲಿ ಬೆಳಕು ಬಿದ್ದಾಗ ಮೇಲ್ಪದರಕ್ಕೆ ಹಳದಿ. ನಡುವಿನ ಪದರಕ್ಕೆ ರಾಸಾಯನಿಕದ ನೆರವಿನಿಂದ ಮಜೆಂಟಾ. ಕೊನೆಗೆ ಬೆಳ್ಳಿಯನ್ನು ತೆಗೆದುಹಾಕಿದರೆ ಉಳಿಯುವುದು ಬಣ್ಣ ಮಾತ್ರ. ಕೊಡಕ್ರೋಮನ್ನು ಕಂಡುಹಿಡಿದ ಲಿಯೊಪೋಲ್ಡ್ ಮ್ಯಾನಸ್ ಮತ್ತು ಲಿಯೊಪೋಲ್ಡ್ ಗೊಡೌಸ್ಕಿ ಇಬ್ಬರೂ ವೃತ್ತಿಯಿಂದ ಸಂಗೀತಗಾರರು!

ಬಣ್ಣದ ಸಾಮಗ್ರಿಯನ್ನು ಹೊರಬೇಕಿಲ್ಲದ ಪದರಗಳು ತೆಳುವಾಗಿರುತ್ತಿದ್ದವು. ಆದ್ದರಿಂದಲೇ ಚಿತ್ರಕ್ಕೆ ಅಷ್ಟು ಸ್ಪಷ್ಟತೆ. ಕತ್ತಲಲ್ಲಿಟ್ಟ ಕೊಡಕ್ರೋಮ್ ಸ್ಲೈಡುಗಳ ಬಣ್ಣ ದಶಕಗಳು ಕಳೆದರೂ ಮಾಸುವುದು ಬಲು ಕಡಿಮೆ. ಸ್ಟೀವ್ ಮೆಕರಿ 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಹಸಿರುಗಣ್ಣಿನ ಅಫ್ಘನ್ ಹುಡುಗಿಯ ಚಿತ್ರವೂ ಕೊಡಕ್ರೋಮಿನದೇ. ಕಾರ್ಖಾನೆಯಿಂದ ಹೊರಬಂದ ಕೊನೆಯ ರೋಲನ್ನು ಕೊಡಕ್ ಕಂಪನಿ ಮೆಕರಿಯವರಿಗೇ ಕೊಟ್ಟಿತು. ಅದರ 36 ಚಿತ್ರಗಳಲ್ಲಿ ಮುಂಬೈ ಮತ್ತು ರಾಜಸ್ಥಾನವೂ ಇವೆ.

ಆದರೆ ಆ ಹಿರಿಮೆಯ ಮೂಲವೇ ಅದರ ಅಳಿವಿಗೂ ಕಾರಣವಾಯಿತು. ಅಷ್ಟು ಹಂತಗಳ ಕೆಲಸಕ್ಕೆ ದೊಡ್ಡ ಯಂತ್ರ, ವಿಶೇಷ ರಾಸಾಯನಿಕಗಳು, ನುರಿತ ರಸಾಯನತಜ್ಞರು ಬೇಕು. ಡಿಜಿಟಲ್ ಕ್ಯಾಮೆರಾ ಬಂದು ರೋಲುಗಳ ಸಂಖ್ಯೆ ಕುಸಿದಾಗ ಇಂಥ ಲ್ಯಾಬುಗಳು ಮೊದಲು ಮುಚ್ಚಿದವು. ಎಕ್ಟಾಕ್ರೋಮ್ 2012ರಲ್ಲಿ ನಿಂತರೂ 2018ರಲ್ಲಿ ಮರಳಿ ಬಂತು. ಅದನ್ನು ತೊಳೆಯುವ ಇ-6 ವಿಧಾನ ಸರಳ, ಲ್ಯಾಬುಗಳೂ ಉಳಿದಿದ್ದವು. ಕೊಡಕ್ರೋಮಿಗೆ ಆ ದಾರಿಯಿಲ್ಲ. ತೊಳೆಯದೆ ಉಳಿದ ರೋಲುಗಳನ್ನು ಇಂದು ಲ್ಯಾಬಿಗೆ ಕೊಟ್ಟರೆ ಸಿಗುವುದು ಕಪ್ಪು–ಬಿಳುಪು ಚಿತ್ರ.

ಕಂಪ್ಯೂಟರಿನಲ್ಲಿ ಅದರ ವರ್ಣಛಾಯೆಯನ್ನು ಅನುಕರಿಸಬಹುದು. ಆದರೆ ಸ್ಲೈಡು ಬರಿಯ ವರ್ಣಛಾಯೆಯಲ್ಲ. ಆ ಹೊತ್ತಿನ ಬೆಳಕು ನೇರವಾಗಿ ಮುಟ್ಟಿದ ವಸ್ತು. ಹಾಗಾಗಿ ಹಳೆಯ ಸ್ಲೈಡುಗಳು ನಿಮ್ಮಲ್ಲಿದ್ದರೆ ಸ್ಕ್ಯಾನ್ ಮಾಡಿಸಿದ ಮೇಲೂ ಎಸೆಯಬೇಡಿ. ತಂಪಾದ, ತೇವವಿಲ್ಲದ, ಕತ್ತಲ ಜಾಗದಲ್ಲಿಡಿ. ಕೊಡಕ್ರೋಮ್ ಆಗಿದ್ದರೆ ಪ್ರೊಜೆಕ್ಟರಿನ ಬೆಳಕಿಗೆ ಹೆಚ್ಚು ಹೊತ್ತು ಒಡ್ಡಬೇಡಿ. ಕತ್ತಲಲ್ಲಿ ಬಾಳುವ ಅದರ ಬಣ್ಣ ಆ ಪ್ರಖರ ಬೆಳಕಿನಲ್ಲಿ ಬೇಗ ಮಾಸುತ್ತದೆ.