ಮೂರರಲ್ಲಿ ಒಂದು ಹುಸಿ ನುಡಿದಾಗ

ಮನೆಯಲ್ಲಿ ಒಂದೇ ಗಡಿಯಾರವಿದ್ದರೆ ಅದು ತೋರಿಸಿದ ಹೊತ್ತನ್ನೇ ನಾವು ನಂಬುತ್ತೇವೆ. ಎರಡಿದ್ದು ಅವು ಬೇರೆ ಬೇರೆ ಹೊತ್ತು ತೋರಿಸಿದರೆ ಸಂಶಯಕ್ಕೊಳಗಾಗುತ್ತೇವೆ. ಮೂರಿದ್ದರೆ, ಒಮ್ಮತವಾದ ಎರಡನ್ನು ನಂಬಿ ಮೂರನೆಯದನ್ನು ಬದಿಗಿಡುತ್ತೇವೆ. ದೊಡ್ಡ ವಿಮಾನಗಳ ರಚನೆಯಲ್ಲಿಯೂ ಇದೇ ನ್ಯಾಯ. ಏರ್‌ಬಸ್ ಎ330 ವಿಮಾನದಲ್ಲಿ ವೇಗ, ಎತ್ತರ ಮೊದಲಾದುವನ್ನು ಅಳೆದು ತಿಳಿಸುವ ಘಟಕಗಳು ಮೂರಿವೆ. ಆದರೂ ಹುಸಿ ನುಡಿಯುವ ಸಾಕ್ಷಿಯನ್ನು ಗುರುತಿಸುವುದು ಯಾವಾಗಲೂ ಸುಲಭವಲ್ಲ.

2008ರ ಅಕ್ಟೋಬರ್ 7ರಂದು ಕ್ವಾಂಟಾಸ್ ಸಂಸ್ಥೆಯ ಇಂಥ ವಿಮಾನವೊಂದು 303 ಪ್ರಯಾಣಿಕರನ್ನೂ 12 ಮಂದಿ ಸಿಬ್ಬಂದಿಯನ್ನೂ ಹೊತ್ತು ಸಿಂಗಪುರದಿಂದ ಆಸ್ಟ್ರೇಲಿಯದ ಪರ್ತ್ ನಗರಕ್ಕೆ ಹೋಗುತ್ತಿತ್ತು. 37,000 ಅಡಿ ಎತ್ತರದಲ್ಲಿ, ಮಧ್ಯಾಹ್ನ 12 ಗಂಟೆ 40 ನಿಮಿಷಕ್ಕೆ, ಸ್ವಯಂಚಾಲಕವು ತಾನಾಗಿಯೇ ಕಳಚಿಕೊಂಡಿತು. ರೆಕ್ಕೆಗಳು ಎತ್ತುಬಲವನ್ನು ಕಳೆದುಕೊಳ್ಳುತ್ತಿವೆಯೆಂದು ಒಂದು ಎಚ್ಚರಿಕೆ. ವೇಗ ಮಿತಿಮೀರಿದೆಯೆಂದು ಇನ್ನೊಂದು! ಎರಡೂ ಒಟ್ಟಿಗೆ ನಿಜವಾಗಿರುವುದು ಅಸಂಭವ. ಕ್ಯಾಪ್ಟನ್ನರ ಎದುರಿನ ಫಲಕದ ಅಂಕಿಗಳು ಹೊಯ್ದಾಡುತ್ತಿದ್ದುವು. ಅವರು ಅದನ್ನು ಬಿಟ್ಟು, ಮೀಸಲು ಉಪಕರಣಗಳನ್ನು ನೋಡುತ್ತ ವಿಮಾನವನ್ನು ನಡೆಸತೊಡಗಿದರು.

ಎರಡು ನಿಮಿಷಗಳ ತರುವಾಯ ವಿಮಾನದ ಮೂಗು ಫಕ್ಕನೆ ಕೆಳಗೆ ಬಾಗಿತು. ನಿಂತಿದ್ದವರೂ ಆಸನದ ಪಟ್ಟಿ ಕಟ್ಟದವರೂ ಮೇಲಕ್ಕೆಸೆಯಲ್ಪಟ್ಟು ಛಾವಣಿಗೆ ಬಡಿದರು. ಕ್ಯಾಪ್ಟನ್ ಹಿಡಿಯನ್ನು ಹಿಂದಕ್ಕೆಳೆದರೂ ವಿಮಾನ ಕೂಡಲೇ ಮಣಿಯಲಿಲ್ಲ. 650 ಅಡಿ ಇಳಿದು ಚೇತರಿಸಿಕೊಂಡಿತು. ಮೂರು ನಿಮಿಷಗಳೊಳಗೆ ಮತ್ತೊಮ್ಮೆ 400 ಅಡಿ ಇಳಿಯಿತು. 119 ಮಂದಿ ಗಾಯಗೊಂಡರು.

ಹೀಗೇಕಾಯಿತು? ರೆಕ್ಕೆಗೂ ಎದುರಾಗುವ ಗಾಳಿಗೂ ನಡುವಣ ಕೋನ ಹೆಚ್ಚಾದರೆ ಎತ್ತುಬಲ ಕುಸಿಯುತ್ತದೆ. ಅದನ್ನು ತಪ್ಪಿಸಲೆಂದು ಗಣಕಯಂತ್ರವು ಮೂಗನ್ನು ತಗ್ಗಿಸುತ್ತದೆ. ಅಂದು ಒಂದನೆಯ ಘಟಕವು ಒಂದರ ಅಂಕಿಗೆ ಇನ್ನೊಂದರ ಹೆಸರು ಹಚ್ಚಿ ಕಳುಹಿಸುತ್ತಿತ್ತು. ಎತ್ತರದ ಅಂಕಿಯು ಕೋನವೆಂಬ ಹೆಸರಿನಲ್ಲಿ ಹೋಗಿ, ಕೋನವು 50 ಡಿಗ್ರಿ ದಾಟಿದಂತೆ ತೋರಿತು! ಅಳತೆಯೊಂದು ತಟ್ಟನೆ ನೆಗೆದರೆ 1.2 ಸೆಕೆಂಡುಗಳ ಕಾಲ ಹಳೆಯ ಅಳತೆಯನ್ನೇ ಹಿಡಿದಿರಬೇಕೆಂಬುದು ಗಣಕಕ್ಕೆ ವಿಧಿಸಿದ್ದ ನಿಯಮ. ಆ ಅವಧಿ ಮುಗಿಯುವ ಹೊತ್ತಿಗೆ ಸರಿಯಾಗಿ ಎರಡನೆಯ ಹುಸಿ ಬಂದಿತು. ಗಣಕವು ಅದನ್ನು ನಿಜವೆಂದು ಬಗೆಯಿತು.

ವೈಮಾನಿಕರಿಗೆ ಇದಾವುದೂ ಆಗ ತಿಳಿದಿರಲಿಲ್ಲ. ಮೂಗು ಮತ್ತೆ ಬಾಗೀತೆಂಬ ಆತಂಕದಲ್ಲಿಯೇ ಅವರು ಸಮೀಪದ ಲಿಯರ್ಮಂತ್ ನಿಲ್ದಾಣದತ್ತ ತಿರುಗಿ, ಓಡುದಾರಿಯನ್ನು ಕಣ್ಣಾರೆ ಕಂಡು, 1 ಗಂಟೆ 32 ನಿಮಿಷಕ್ಕೆ ಇಳಿಸಿದರು. ಪ್ರಾಣಹಾನಿಯಾಗಲಿಲ್ಲ.

ಆಸ್ಟ್ರೇಲಿಯದ ತನಿಖಾ ಸಂಸ್ಥೆಯ ಅಂತಿಮ ವರದಿ 2011ರಲ್ಲಿ ಹೊರಬಂದಿತು. ಗಣಕದ ನಿಯಮವನ್ನು ತಿದ್ದಲಾಯಿತು. ಘಟಕವನ್ನು ಕೆಡಿಸಿದ ಮೂಲ ಕಾರಣ ಮಾತ್ರ ಸಿಕ್ಕಲಿಲ್ಲ.

ಸಮನಾಗಿ ಹಾರುತ್ತಿರುವ ವಿಮಾನದ ಕೋನವು ಕ್ಷಣಮಾತ್ರದಲ್ಲಿ 50 ಡಿಗ್ರಿಯಾಗಲಾರದೆಂಬುದು ವಿದ್ಯಾರ್ಥಿಗೂ ಹೊಳೆಯುವ ಮಾತು. ಹಾಗೆ ಪ್ರಶ್ನಿಸುವುದನ್ನು ಗಣಕಕ್ಕೆ ಯಾರೂ ಕಲಿಸಿರಲಿಲ್ಲ. ಪ್ರಯೋಗಶಾಲೆಯಲ್ಲಿ ಮುಳ್ಳು ತೋರಿಸಿದ ಅಂಕಿಯನ್ನು ಬರೆದುಕೊಳ್ಳುವ ಮುನ್ನ, ಅದು ಸಾಧ್ಯವೇ ಎಂದು ನಾವೂ ಒಮ್ಮೆ ಕೇಳಿಕೊಳ್ಳುವುದು ಲೇಸು.